ಗುಡ್ರುನ್‌ಳ ಎರಡು ಬೆರಳು

ಗುಡ್ರುನ್ ಬಿಸ್ಗೋರ್‌ಳ ಬಲಗೈಯ ಎರಡು ಬೆರಳುಗಳಿಗೆ ವೆಸ್ಟರ್‌ಹೇ ಊರಿನ ಗಂಡಸರ ಕೀಲುಗಳ ವಿಚಾರ ಅವರ ಹೆಂಡಿರಿಗಿಂತ ಚೆನ್ನಾಗಿ ತಿಳಿದಿತ್ತು. ಇದರಲ್ಲಿ ಗುಸುಗುಸು ಮಾತಾಡಿಕೊಳ್ಳುವಂಥದ್ದೇನೂ ಇಲ್ಲ. ಅವಳಿಗೆ ಆಗ ಎಪ್ಪತ್ತೊಂದು ವರ್ಷ. ನಮ್ಮನ್ನಾದರೂ ಎರಡನೇ ಸಲ ತಿರುಗಿ ನೋಡುವವರಿದ್ದರೆ ಅದು ಕಣ್ಣಿನ ಡಾಕ್ಟರು ಮಾತ್ರ.

ನಾನು ಇಲ್ಲಿ ಕಡಲ ತೋಳಿನ ಈ ದಡದಿಂದ ಆ ದಡಕ್ಕೆ ಲಾಂಚು ನಡೆಸುವವನು. ದಾಟಲು ಆರು ನಿಮಿಷ ಬೇಕು. ಗಾಳಿ ಎದುರಾದರೆ ಏಳು. ಗುಡ್ರುನ್ ಆಚೆ ದಡದ ತಂಗಿಯ ಮನೆಗೆ ಹೋಗಲು ಸೈಕಲ್ ತಳ್ಳಿಕೊಂಡು ಲಾಂಚು ಹತ್ತುವಳು. ಸೈಕಲ್ಲನ್ನು ಕಟಕಟೆಗೆ ಒರಗಿಸಿ, ಜನ ಹತ್ತಿಳಿಯುವ ಮುಂದಿನ ಹಲಗೆ ಎತ್ತಲು ನಾನು ಸನ್ನೆಕೋಲು ಎಳೆಯುತ್ತಿರುವಾಗ ಹಿಂದಿನಿಂದ ಬಂದು ನನ್ನ ಭುಜದ ಮೇಲೆ ಆ ಎರಡು ಬೆರಳು ಇಡುವಳು.

"ಹೆನ್ನಿಂಗ್, ನಿನ್ನ ಭುಜ ಕಿವಿ ಹತ್ರ ಏನು ಗುಟ್ಟು ಹೇಳೋಕೆ ಹೋಗಿದೆ? ಇಳಿಸೋ ಕೆಳಗೆ."

"ಜನ ನೋಡ್ತಿದಾರೆ, ಗುಡ್ರುನ್."

"ನೋಡ್ಲಿ ಬಿಡು. ಟಿಕೇಟು ತಗೊಂಡೇ ಹತ್ತಿದಾರಲ್ಲ."

ಬೆರಳುಗಳು ಒತ್ತುತ್ತಿರಲಿಲ್ಲ, ತಿಕ್ಕುತ್ತಿರಲಿಲ್ಲ. ಬಾಗಿಲ ಆಚೆ ಯಾರಿದ್ದಾರೆಂದು ಕಿವಿಗೊಟ್ಟು ಕೇಳುವ ಹಾಗೆ ಸುಮ್ಮನೆ ಅಲ್ಲಿರುತ್ತಿದ್ದವು. ಅಷ್ಟಕ್ಕೇ ಭುಜ ತಪ್ಪು ಮಾಡಿದ ಮಗುವಿನಂತೆ ತಾನಾಗಿ ಕೆಳಗಿಳಿಯುತ್ತಿತ್ತು.

ಈ ವಿದ್ಯೆಯನ್ನು ಅವಳು ಯಾವ ಶಾಲೆಯಲ್ಲೂ ಕಲಿತವಳಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಬಂದರಿನ ಚಿಪ್ಪುಮೀನಿನ ಕಾರ್ಖಾನೆ ಸೇರಿದಳು. ಕಡಲಿನಿಂದ ತಂದ ಕಪ್ಪು ಚಿಪ್ಪುಮೀನುಗಳು ಓಡುವ ಪಟ್ಟಿಯ ಮೇಲೆ ಹರಿದು ಬರುತ್ತವೆ. ಒಡೆದದ್ದನ್ನು, ಸತ್ತದ್ದನ್ನು ಆರಿಸಿ ತೆಗೆಯಬೇಕು. ಕೈ ತಣ್ಣೀರಿನಲ್ಲಿ, ಕಾಲು ಹಸಿ ಸಿಮೆಂಟಿನ ಮೇಲೆ. ಮೂವತ್ತು ತುಂಬುವಷ್ಟರಲ್ಲಿ ಬೆಳಿಗ್ಗೆ ಎದ್ದರೆ ರವಿಕೆಯ ಗುಂಡಿ ಹಾಕಲು ಬೆರಳು ಬಾಗುತ್ತಿರಲಿಲ್ಲವಂತೆ. ಹತ್ತು ನಿಮಿಷದ ಬಿಡುವಿನಲ್ಲಿ ಉಳಿದ ಹೆಂಗಸರು ಸಿಗರೇಟು ಸೇದುತ್ತಿದ್ದರೆ ಇವಳು ಮೂಲೆಯಲ್ಲಿ ನಿಂತು ಒಂದೊಂದೇ ಕೀಲನ್ನು ತಿರುಗಿಸತೊಡಗಿದಳು. ಮಣಿಕಟ್ಟು, ಮೊಣಕೈ, ಭುಜ, ಸೊಂಟ, ಮಂಡಿ, ಕಾಲಿನ ಗಿಣ್ಣು. ಆ ಕಡೆಗೆ ಎಂಟು ಸುತ್ತು, ಈ ಕಡೆಗೆ ಎಂಟು ಸುತ್ತು. ಎಂಟೇ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ, ಏನೋ ಶಾಸ್ತ್ರವಿರಬಹುದೆಂದು. "ಒಂಬತ್ತನೇದಕ್ಕೆ ಗಂಟೆ ಹೊಡೀತಿತ್ತು," ಅಂದಳು.

ಮೊದಲು ಪಕ್ಕದಲ್ಲಿ ನಿಲ್ಲುತ್ತಿದ್ದ ರೂತ್ ಸೇರಿಕೊಂಡಳು, ಆಮೇಲೆ ಇಡೀ ಸಾಲು. ಇದನ್ನು ಕಂಡು ನಕ್ಕಿದ್ದ ಮೇಸ್ತ್ರಿಯ ಮಂಡಿ ಹಿಡಿದುಕೊಂಡಾಗ ಮೇಸ್ತ್ರಿಯೂ. ಮೇಸ್ತ್ರಿಯ ಅಳಿಯ ಓವೆ ನಮ್ಮೂರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಓವೆಯ ಹಿಂದೆ ಅರ್ಧ ತಂಡ ಬಂತು, ಅದರ ಹಿಂದೆ ದೋಣಿಯ ಹುಟ್ಟು ಹಾಕುವ ನಾವು, ನಮ್ಮ ಹಿಂದೆ ಸೈಕಲ್ಲಿನವರು. ಕಡೆಗೆ ಊರ ವ್ಯಾಯಾಮ ಸಂಘದವರು ಅವಳಿಗೆ ತಮ್ಮ ಹಾಲ್‌ನಲ್ಲಿ ವಾರಕ್ಕೆ ಒಂದು ಗಂಟೆ ಬಿಟ್ಟುಕೊಟ್ಟರು. ಮಂಗಳವಾರ, ಸಂಜೆ ಏಳಕ್ಕೆ. ಕಾರ್ಖಾನೆ ಮುಚ್ಚಿತು, ಗಂಡ ತೀರಿಕೊಂಡ, ಮಂಗಳವಾರ ಮಾತ್ರ ಇಪ್ಪತ್ತೇಳು ವರ್ಷ ಒಂದೂ ತಪ್ಪಲಿಲ್ಲ.

ಆ ಗಂಟೆಯಲ್ಲಿ ನಡೆಯುತ್ತಿದ್ದುದನ್ನು ಹೊರಗಿನವರು ನೋಡಿದರೆ ಹನ್ನೆರಡು ಗಂಡಸರು ಏನನ್ನೋ ಮರೆತು ನೆನಪಿಸಿಕೊಳ್ಳುತ್ತಿದ್ದಾರೆ ಅಂದುಕೊಳ್ಳಬೇಕು. ಬೆವರಿಲ್ಲ, ಸದ್ದಿಲ್ಲ. ಗೋಡೆಗೆ ಬಡಿದ ಮರದ ಏಣಿಯನ್ನು ಒಂದು ಕೈಯಲ್ಲಿ ಹಿಡಿದು, ಒಂದು ಮಂಡಿಯನ್ನು ಸೊಂಟದ ಮಟ್ಟಕ್ಕೆತ್ತಿ, ನಿಧಾನವಾಗಿ ಹೊರಗೆ ತೆರೆದು, ಹಿಂದಕ್ಕೆ ಒಯ್ದು ಇಳಿಸುವುದು. "ಸೊಂಟ ತಿರುಗೋವಾಗ ಸೊಂಟವೊಂದೇ ತಿರುಗಬೇಕು. ಉಳಿದದ್ದೆಲ್ಲ ಕಂಬ!" ಅನ್ನುವಳು. ಓವೆ ಸೊಂಟ ತಿರುಗಿಸಿದರೆ ಅವನ ಹುಬ್ಬು, ನಾಲಗೆ, ಎಡಗೈಯ ಕಿರುಬೆರಳು ಎಲ್ಲ ಜೊತೆಯಲ್ಲಿ ತಿರುಗುತ್ತಿದ್ದವು.

"ಓವೆ, ನಿನ್ನ ಹುಬ್ಬಿಗೆ ಬೇರೆ ದಿನ ಮಾಡೋಣ."

"ನೋವು ಬರತ್ತೆ, ಗುಡ್ರುನ್."

"ನೋವಿನ ಮನೆ ಒಳಗೆ ಹೋಗು ಅಂದ್ನಾ ನಾನು? ಹೊಸ್ತಿಲವರೆಗೂ ಹೋಗಿ ಬಾ. ನಾಳೆ ನೋವೇ ತನ್ನ ಹೊಸ್ತಿಲನ್ನ ಒಂದಿಂಚು ಹಿಂದೆ ಇಟ್ಕೊಳತ್ತೆ."

ಹಾಗೇ ಆಗುತ್ತಿತ್ತು. ಐವತ್ತೇಳರ ಓವೆ ಇನ್ನೂ ಗೋಲಿನಲ್ಲಿ ಹಾರುತ್ತಿದ್ದ. ಬೀಳುವಾಗ ನಾವು ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು, ಅವನು ಎದ್ದು ಬರುತ್ತಿದ್ದ. ಇಷ್ಟಾದರೂ ಅವಳು ಯಾರನ್ನೂ ಹೊಗಳಿದ್ದಿಲ್ಲ. "ಪರವಾಗಿಲ್ಲ" ಎಂದರೆ ಬಿರುದು ಸಿಕ್ಕ ಹಾಗೆ. ನನಗೆ ಹದಿನಾರು ವರ್ಷದಲ್ಲಿ ಎರಡು ಸಲ ಸಿಕ್ಕಿತ್ತು, ಒಂದು ಪಕ್ಕದವನಿಗೆ ಹೇಳಿದ್ದಿರಬೇಕು.

ಇಂಥ ಊರಿಗೆ ಯಾನ್ನಿಕ್ ಬಂದ. ಮೂವತ್ತೊಂದರ ಹುಡುಗ, ಆಚೆ ದಡದವನು, ಹಲ್ಲು ಕೋರೈಸುವಷ್ಟು ಬಿಳಿ. ಸಂಘದವರು ಅವನಿಗೆ ಗುರುವಾರ ಕೊಟ್ಟರು. ಅವನು ಕಲಿಸುವುದೂ ಕೀಲುಗಳದ್ದೇ, ಆದರೆ ಬಣ್ಣಬಣ್ಣದ ರಬ್ಬರು ಪಟ್ಟಿ, ಉರುಳುವ ಕೊಳವೆ, ಸಂಗೀತ. ಎಲ್ಲಕ್ಕಿಂತ ಮುಖ್ಯವಾಗಿ ಫೋನು. ಫೋನನ್ನು ಎದುರಿಗಿಟ್ಟು ಕೈ ತಿರುಗಿಸಿದರೆ ಅದು ನಿಮ್ಮ ಭುಜದ ವಯಸ್ಸು ಹೇಳುತ್ತಿತ್ತು.

ನಾನು ಹೋದದ್ದು ಸುಮ್ಮನೆ ನೋಡಿ ಬರೋಣವೆಂದು. ಐವತ್ನಾಲ್ಕರ ನನ್ನ ಬಲಭುಜಕ್ಕೆ ಮೂವತ್ತೊಂಬತ್ತು ವರ್ಷ ಎಂದು ಫೋನು ಹೇಳಿತು. ಮನೆಗೆ ಹೋಗಿ ಹೆಂಡತಿ ಲೀಸ್ಬೆತ್‌ಗೆ ಹೇಳಿದೆ. "ಹಾಗಿದ್ರೆ ಮೂವತ್ತೊಂಬತ್ತರವನಿಗೇ ಹೇಳ್ತೀನಿ, ಕಸದ ಡಬ್ಬ ಹೊರಗಿಡು," ಅಂದಳು. ನನಗೆ ಅದೂ ಹೊಗಳಿಕೆಯಾಗಿ ಕೇಳಿಸಿತು. ಮುಂದಿನ ಗುರುವಾರವೂ ಹೋದೆ.

ಅಲ್ಲಿ ಓವೆ ಇದ್ದ. ನನ್ನನ್ನು ಕಂಡು, "ಕಿಟಕಿಯ ಚಿಲಕ ಸರಿಯಿಲ್ಲ ಅಂದ್ರು, ನೋಡೋಕೆ ಬಂದೆ," ಅಂದ. ಅವನು ಬಡಗಿ, ನಂಬಬಹುದಿತ್ತು, ಕಾಲಿಗೆ ಹಳದಿ ರಬ್ಬರು ಪಟ್ಟಿ ಹಾಕಿಕೊಂಡಿರದಿದ್ದರೆ. ಮೂರನೇ ಗುರುವಾರಕ್ಕೆ ನಾವು ಮಂಗಳವಾರದವರು ಹನ್ನೊಂದು ಜನ ಅಲ್ಲಿದ್ದೆವು. ಇಲ್ಲದವನು ಆಕ್ಸೆಲ್ ಒಬ್ಬನೇ. ಹಳೆಯ ಮೀನುಗಾರ, ಎಂಬತ್ತೊಂದು ವರ್ಷ, ಕಿವಿ ಮಂದ. ಅವನಿಗೆ ತಿಳಿಸಬೇಕಾದರೆ ಕೂಗಬೇಕು, ಕೂಗಿದರೆ ಊರಿಗೇ ತಿಳಿಯುತ್ತದೆ. ಬಿಟ್ಟೆವು.

ಈ ವಿಷಯವನ್ನು ನಾವು ನಾವೇ ಮಾತಾಡಿಕೊಳ್ಳಲಿಲ್ಲ. ನಮ್ಮ ಕಡೆ ಗಂಡಸರು ಮಾತಾಡುವುದು ಗಾಳಿಯ ಬಗ್ಗೆ. ಮಂಗಳವಾರ ಗುಡ್ರುನ್ ಎದುರು ಕಂಬವಾಗಿ ನಿಲ್ಲುವುದು, ಗುರುವಾರ ರಬ್ಬರು ಎಳೆಯುವುದು, ನಡುವೆ ಎದುರಾದರೆ "ಪಶ್ಚಿಮದ ಗಾಳಿ" ಅನ್ನುವುದು. ಹೀಗೆ ಚಳಿಗಾಲ ಕಳೆಯಿತು.

ಮಾರ್ಚಿನಲ್ಲಿ ವಸಂತ ಪ್ರದರ್ಶನ. ಚಳಿಗಾಲವಿಡೀ ಹಾಲಿನೊಳಗೆ ಮಾಡಿದ್ದನ್ನು ಒಂದು ಭಾನುವಾರ ಇಡೀ ಊರೆದುರು ಮಾಡಿ ತೋರಿಸಬೇಕು. ಮೂರು ವರ್ಷದ ಮಕ್ಕಳಿಂದ ಹಿಡಿದು ಎಲ್ಲ ತಂಡಗಳೂ ಸಂಘದ ಬಾವುಟದೆದುರು ಸಾಲಾಗಿ ನಡೆದು ಬಂದು, ತಲೆ ಬಾಗಿಸಿ, ನಿಲ್ಲಬೇಕು. ಅದಕ್ಕೆ ಹಳೆಯ ಎರಡು ನಿಯಮಗಳಿವೆ. ಎಂಟು ಜನರಿಗಿಂತ ಕಡಿಮೆ ಇಳಿದ ತಂಡ ಮುಂದಿನ ವರ್ಷಕ್ಕೆ ತನ್ನ ಗಂಟೆಯನ್ನು ಕಳೆದುಕೊಳ್ಳುತ್ತದೆ. ಇನ್ನೊಂದು, ಒಬ್ಬನಿಗೆ ಒಂದೇ ತಂಡ. ಹಿಂದೆ ಯಾವುದೋ ವರ್ಷ ಒಂದೇ ಮನೆಯವರು ಅಂಗಿ ಬದಲಾಯಿಸಿ ಬದಲಾಯಿಸಿ ಐದು ತಂಡಗಳಲ್ಲಿ ಬಂದು, ಜನ ಕಾಫಿಗೆ ಎದ್ದು ಹೋದರಂತೆ.

ಯಾನ್ನಿಕ್ ನನ್ನ ಬೆನ್ನು ತಟ್ಟಿ, "ಹೆನ್ನಿಂಗ್, ನೀನಿಲ್ದೆ ಮುಂದಿನ ಸಾಲು ನಿಲ್ಲೋದೇ ಇಲ್ಲ ಮಾರಾಯ," ಅಂದ. ಆಗಲಿ ಅಂದುಬಿಟ್ಟೆ. ಗುಡ್ರುನ್‌ಗೆ ಎಂಟು ಸಾಕು, ನಾನು ಹೋದರೂ ಹನ್ನೊಂದು ಉಳಿಯುತ್ತಾರೆ ಎಂದು ಲೆಕ್ಕ ಹಾಕಿದೆ. ಉಳಿದ ಹತ್ತು ಜನರೂ ಅದೇ ಲೆಕ್ಕ ಹಾಕಿದ್ದರು. ಒಬ್ಬನಾದರೂ ಗಾಳಿಯ ಮಾತು ಬಿಟ್ಟು ಇನ್ನೊಬ್ಬನನ್ನು ಕೇಳಿದ್ದರೆ ಈ ಬರಹ ಬರೆಯುವ ಕೆಲಸವಿರಲಿಲ್ಲ.

ಇನ್ನು ಅವಳಿಗೆ ಹೇಳುವುದು ಹೇಗೆ? ಎದುರಿಗೆ ನಿಂತು "ಬರುವುದಿಲ್ಲ" ಎನ್ನುವ ಗಂಡಸು ನಮ್ಮ ಊರಲ್ಲಿ ಹುಟ್ಟಿಲ್ಲ. ಮಧ್ಯಾಹ್ನ ಲಾಂಚಿನ ಕೋಣೆಯಿಂದ ಫೋನು ಮಾಡಿದೆ.

"ಗುಡ್ರುನ್, ಈ ಸಲ ಪ್ರದರ್ಶನಕ್ಕೆ ನನ್ನ ಕೈಲಾಗಲ್ಲ ಅನ್ಸತ್ತೆ. ಭುಜ ಹಿಡ್ಕೊಂಡಿದೆ."

"ಯಾವ ಭುಜ?"

ಅದನ್ನು ಯೋಚಿಸಿಕೊಂಡಿರಲಿಲ್ಲ. "ಎಡದ್ದು."

"ಎಡದ್ದಾ? ನಿಂದು ಎಡ ಯಾವತ್ತೂ ತಕರಾರು ಮಾಡಿದ್ದಿಲ್ವಲ್ಲೋ. ಮೇಲೆತ್ತಿದ್ರೆ ನೋವೋ, ಹಿಂದಕ್ಕೆ ಒಯ್ದರೋ?"

"ಎರಡಕ್ಕೂ."

"ಅಯ್ಯೋ ಪಾಪ. ಹಾಗಿದ್ರೆ ಬಲವಂತ ಮಾಡ್ಬೇಡ. ನಿನ್ನ ಭುಜಕ್ಕಿಂತ ಪ್ರದರ್ಶನ ದೊಡ್ಡದಲ್ಲ."

ಮರುದಿನ ಲಾಂಚಿನ ಕೋಣೆಯ ಬಾಗಿಲಿಗೆ ಒಂದು ಚೀಲ ನೇತು ಹಾಕಿತ್ತು. ಒಳಗೆ ಬಟ್ಟೆಯ ಪುಟ್ಟ ದಿಂಬು, ಅದರ ತುಂಬ ಒಣಗಿಸಿದ ಚೆರಿ ಬೀಜ. ಒಲೆಯಲ್ಲಿ ಬಿಸಿ ಮಾಡಿ ನೋವಿದ್ದಲ್ಲಿಟ್ಟುಕೊಂಡರೆ ಬೆಚ್ಚಗಿರುತ್ತದೆ. ಅವಳೇ ಹೊಲಿದದ್ದು, ಭುಜಕ್ಕೆ ಕೂರುವ ಹಾಗೆ ಕುತ್ತಿಗೆಗೆ ಜಾಗ ಬಿಟ್ಟು ಕತ್ತರಿಸಿ. ಉಳಿದ ಹತ್ತು ಜನರೂ ಒಂದೊಂದು ಕೀಲಿನ ನೆಪ ಹೇಳಿ ಫೋನು ಮಾಡಿದ್ದರು. ಆ ವಾರ ಅವಳು ಇಂಥವು ಹನ್ನೊಂದು ಹೊಲಿದಳು. ಓವೆಯ ಮಂಡಿಗೆ ಉದ್ದನೆಯದು, ಇನ್ನೊಬ್ಬನ ಸೊಂಟಕ್ಕೆ ಅಗಲದ್ದು. ಅವಳು ನಮ್ಮನ್ನು ಅನುಮಾನಿಸಿರಬೇಕು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹಾಗಾಗಿದ್ದರೆ ನನ್ನ ಪಾಲಿನ ಪಾಪ ಸ್ವಲ್ಪ ಕಡಿಮೆಯಾಗುತ್ತಿತ್ತು. ಆದರೆ ದಿಂಬುಗಳಿಗೆ ಬೀಜ ಸಾಲದೆ ರೂತ್‌ಳ ಮನೆಯಿಂದ ಕೇಳಿ ತಂದಿದ್ದಳೆಂದು ಆಮೇಲೆ ತಿಳಿಯಿತು. ಅನುಮಾನವಿದ್ದವರು ಹಾಗೆ ಬೀಜಕ್ಕೆ ಅಲೆಯುವುದಿಲ್ಲ. ಅವಳು ನಂಬಿದ್ದಳು.

ಅವಳು ಸಂಘದ ಅಧ್ಯಕ್ಷೆ ಬೆಂಟೆಯ ಬಳಿ ಹೋಗಿ, "ನನ್ನ ಹುಡುಗ್ರಿಗೆಲ್ಲ ಒಟ್ಟಿಗೆ ಕೀಲು ಹಿಡ್ಕೊಂಡಿದೆ. ಏನೋ ತಪ್ಪು ಹೇಳ್ಕೊಟ್ಟಿದೀನಿ ನಾನು. ತಂಡದ ಹೆಸರು ತೆಗೆದುಬಿಡು," ಅಂದಳಂತೆ. ನಮ್ಮ ಹನ್ನೊಂದು ಹೆಸರೂ ಯಾನ್ನಿಕ್‌ನ ತಂಡದಲ್ಲಿರುವ ಪಟ್ಟಿ ಬೆಂಟೆಯ ಮೇಜಿನ ಮೇಲೇ ಇತ್ತು. ಬೆಂಟೆಯೂ ನಮ್ಮೂರವಳೇ, ಹೇಳಲಿಲ್ಲ. ಸಮಾಧಾನಕ್ಕೆಂದು, "ಗುಡ್ರುನ್, ಈ ವರ್ಷ ಬಾವುಟ ನೀನೇ ಹಿಡಿ," ಎಂದಳು. ಅದು ನಮ್ಮಲ್ಲಿ ದೊಡ್ಡ ಮರ್ಯಾದೆ. ಗುಡ್ರುನ್ ಎರಡು ದಿನ ಯೋಚಿಸಿ ಒಪ್ಪಿದಳು. ಬಾವುಟದ ವಿಷಯ ನಮಗೆ ಯಾರೂ ತಿಳಿಸಲಿಲ್ಲ. ತಂಡವೇ ಇಲ್ಲದ ಮೇಲೆ ಅವಳು ಯಾಕೆ ಬರುತ್ತಾಳೆ, ತಂಗಿ ಮನೆಯಲ್ಲಿರುತ್ತಾಳೆ ಎಂದು ನಾವು ನೆಮ್ಮದಿಯಾಗಿದ್ದೆವು.

ಭಾನುವಾರ ಎರಡು ಗಂಟೆ. ಹಾಲಿನ ಹೊರಗಿನ ಓಣಿಯಲ್ಲಿ ಯಾನ್ನಿಕ್ ಕೊಟ್ಟ ಕಿತ್ತಳೆ ಬಣ್ಣದ ಬಿಗಿ ಅಂಗಿಯಲ್ಲಿ ಹನ್ನೊಂದು ಜನ ನಿಂತಿದ್ದೆವು, ಬಿಸಿಲಿಗೆ ಒಣಗಲಿಟ್ಟ ಕ್ಯಾರೆಟ್ಟಿನಂತೆ. ಒಳಗೆ ಪಿಯಾನೋ ಶುರುವಾಯಿತು. ಮಕ್ಕಳು ಹೋದರು, ಹುಡುಗಿಯರು ಹೋದರು, ನಮ್ಮ ಸರದಿ ಬಂತು. ಎದೆಯುಬ್ಬಿಸಿ ಬಾಗಿಲು ದಾಟಿದೆವು.

ಹಾಲಿನ ನಡುವೆ ಬಿಳಿ ಕೈಗವಸು ತೊಟ್ಟು ಬಾವುಟ ಹಿಡಿದು ನಿಂತವಳು ಗುಡ್ರುನ್.

ನಿಲ್ಲಲು ಆಗದು, ಹಿಂದೆ ಇನ್ನೊಂದು ತಂಡವಿದೆ. ಸುತ್ತ ಮುನ್ನೂರು ಜನ ಚಪ್ಪಾಳೆ ತಟ್ಟಿ ತಾಳ ಹಾಕುತ್ತಿದ್ದಾರೆ. ಮುಂದೆ ಓವೆ. ಮಂಡಿ ನೋವಿನವನು, ಮಂಡಿಯನ್ನು ಹೊಟ್ಟೆಯ ತನಕ ಎತ್ತಿ ಹೆಜ್ಜೆ ಹಾಕುತ್ತಿದ್ದವನು, ತಟ್ಟನೆ ಕುಂಟತೊಡಗಿದ. ಅದೂ ಬೇರೆ ಕಾಲಿನಲ್ಲಿ. ನಾನು ಎಡಗೈಯನ್ನು ಮೈಗೆ ಅಂಟಿಸಿಕೊಂಡೆ. ಬಾವುಟದೆದುರು ತಲೆ ಬಾಗಿಸುವಾಗ ಅವಳ ಮುಖ ನೋಡಬಾರದೆಂದಿದ್ದೆ. ನೋಡಿದೆ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಎಡಭುಜವನ್ನು ನೋಡುತ್ತಿದ್ದಳು. ನೋವಿಲ್ಲದ್ದು ಕಂಡು ಒಂದು ಕ್ಷಣ ಅವಳ ಮುಖ ಅರಳಿತು. ಅರ್ಥವಾದದ್ದು ಆಮೇಲೆ. ಆ ಒಂದು ಕ್ಷಣ ನನಗೆ ಇವತ್ತಿಗೂ ಮುಳ್ಳು.

ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಸಾಲಿನ ಬಾಲಕ್ಕೆ ಹನ್ನೆರಡನೆಯವನೊಬ್ಬ ಸೇರಿಕೊಂಡಿದ್ದ. ಆಕ್ಸೆಲ್! ಗುಡ್ರುನ್ ಹೇಳಿದ್ದರಲ್ಲಿ ನಮ್ಮ ನೋವಿನ ಸುದ್ದಿ ಮಾತ್ರ ಅವನಿಗೆ ಕೇಳಿಸಿತ್ತು, ತಂಡದ ಹೆಸರು ತೆಗೆದದ್ದು ಕೇಳಿಸಿರಲಿಲ್ಲ. ಇಸ್ತ್ರಿ ಮಾಡಿದ ಮಂಗಳವಾರದ ಬಿಳಿ ಷರಾಯಿ, ಬಿಳಿ ಬನಿಯನ್ನು. ಬಾವುಟದೆದುರು ನಿಂತು ಕಿತ್ತಳೆ ಬೆನ್ನುಗಳನ್ನು ಒಂದೊಂದಾಗಿ ನೋಡಿದ. ಕಿವುಡರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ.

"ಗುಡ್ರುನ್! ಇವರಿಗೆಲ್ಲ ಕೀಲು ಹಿಡ್ಕೊಂಡಿದೆ, ಮಲಗಿದಾರೆ ಅಂದಿದ್ದೆಯಲ್ಲ? ಯಾವಾಗ ಎದ್ರು?"

ಪಿಯಾನೋ ನಿಂತಿತು. ಮುನ್ನೂರು ಜನರ ಚಪ್ಪಾಳೆ ನಿಲ್ಲುವ ಸದ್ದು ಎಂಥದೆಂದು ಆವತ್ತು ಗೊತ್ತಾಯಿತು.

"ನಡಿ ಆಕ್ಸೆಲ್," ಅಂದಳು ಗುಡ್ರುನ್, ಅವನಿಗೆ ಕೇಳಿಸುವಷ್ಟು ಜೋರಾಗಿ, ಅಂದರೆ ಎಲ್ಲರಿಗೂ. "ಹಿಂದಿನ ತಂಡ ಕಾಯ್ತಿದೆ."

ಆಕ್ಸೆಲ್ ನಡೆಯಲಿಲ್ಲ. ಅವಳ ಪಕ್ಕ ಹೋಗಿ ನಿಂತ. ಇನ್ನೂ ಒಂಬತ್ತು ತಂಡಗಳು ಬರುವವರೆಗೆ ಬಾವುಟ ಅವಳ ಕೈಯಲ್ಲಿ ಒಂದಿಷ್ಟೂ ಅಲುಗಲಿಲ್ಲ. ಉಳಿದದ್ದೆಲ್ಲ ಕಂಬ.

ಕಾಫಿಗೆ ಕೂತಾಗ ಅವಳು ಕಾರ್ಖಾನೆಯ ಹಳೆಯ ಗೆಳತಿಯರ ಮೇಜಿನಲ್ಲಿದ್ದಳು. ರೂತ್ ಮಾತ್ರ ನಮ್ಮ ಮೇಜಿನ ಹತ್ತಿರ ಬಂದು, "ಇನ್ನೊಂದು ತುಂಡು ಕೇಕು ಹಾಕ್ಕೊಳ್ರೋ. ಪಾಪ, ಹಾಸಿಗೆಯಿಂದ ಎದ್ದು ಬಂದಿದೀರಿ," ಎಂದು ಹೇಳಿ ಹೋದಳು. ನಮ್ಮಲ್ಲಿ ಯಾರೂ ಎದ್ದು ಗುಡ್ರುನ್ ಹತ್ತಿರ ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಓವೆ, "ಗಾಳಿ ಉತ್ತರಕ್ಕೆ ತಿರುಗಿದೆ," ಅಂದ.

ಮಂಗಳವಾರದ ಏಳು ಗಂಟೆ ನಿಯಮದಂತೆ ಸಂಘಕ್ಕೆ ಹಿಂದಿರುಗಿತು. ಈಗ ಆ ಹೊತ್ತಿನಲ್ಲಿ ಬ್ಯಾಡ್ಮಿಂಟನ್. ಬೆಂಟೆ ನಾಚಿಕೊಂಡು, ಬೇರೆ ದಿನ ಹುಡುಕಿಕೊಡುತ್ತೇನೆ ಎಂದಳಂತೆ. "ಯಾರಿಗೆ?" ಎಂದಳಂತೆ ಗುಡ್ರುನ್. ಇಪ್ಪತ್ತೇಳು ವರ್ಷದ ಮೇಲೆ ಅಷ್ಟೇ ಮಾತು. ಯಾನ್ನಿಕ್ ಮೇ ತಿಂಗಳಲ್ಲಿ ದೊಡ್ಡ ಊರಿನ ದೊಡ್ಡ ಹಾಲಿಗೆ ಹೋದ. ನಮ್ಮ ಬೆನ್ನು ತಟ್ಟಿಯೇ ಹೋದ.

ಜೂನಿನಲ್ಲಿ, ಹುಟ್ಟು ಹಾಕುವ ಸ್ಪರ್ಧೆಗೆ ಮೂರು ವಾರ ಮುಂಚೆ, ನನ್ನ ಭುಜ ನಿಜವಾಗಿ ಹಿಡಿದುಕೊಂಡಿತು. ಕಥೆಗೆ ಚೆಂದವಾಗುವಂತೆ ಎಡದ್ದೇ ಹಿಡಿದಿದ್ದರೆ ಎಷ್ಟು ಅನುಕೂಲವಿತ್ತು. ಹಿಡಿದದ್ದು ಬಲದ್ದು, ಆ ಮೂವತ್ತೊಂಬತ್ತರ ತರುಣ. ಫೋನಿಗೆ ತೋರಿಸಿದೆ. ತಜ್ಞರನ್ನು ಕಾಣಿ, ಎಂದಿತು.

ತಜ್ಞೆ ಆ ಬುಧವಾರ ಸೈಕಲ್ ತಳ್ಳಿಕೊಂಡು ಲಾಂಚು ಹತ್ತಿದಳು. ಮಾರ್ಚಿನಿಂದ ಅವಳು ಹತ್ತಿದರೂ ಟಿಕೇಟು ತೋರಿಸುವುದು ಬಿಟ್ಟು ಮಾತಿರಲಿಲ್ಲ. ಬೇರೆ ಪ್ರಯಾಣಿಕರಿರಲಿಲ್ಲ. ಸನ್ನೆ ಎಳೆಯುವಾಗ ನನ್ನ ಬಾಯಿಂದ "ಅಮ್ಮಾ" ಎಂದು ಬಂತು. ಅವಳು ತಿರುಗಿ ನೋಡಿದಳು.

"ಭುಜ," ಅಂದೆ. "ಬಲದ್ದು."

"ನಿಂದು ಎಡದ್ದಲ್ವಾ?"

ದಡ ಬಿಟ್ಟು ಒಂದು ನಿಮಿಷವಾಗಿತ್ತು. ಇಳಿದು ಓಡೋಣವೆಂದರೆ ಸುತ್ತ ನೀರು.

"ಎಡದ್ದು ಸರಿಯಾಗಿದೆ."

"ಯಾವಾಗ ಸರಿಯಾಯ್ತು?"

"ಯಾವಾಗ್ಲೂ ಸರಿಯಾಗೇ ಇತ್ತು, ಗುಡ್ರುನ್."

ಅವಳು ನೀರು ನೋಡಿದಳು. "ಆ ವಾರ ನಾನು ರಾತ್ರಿಯೆಲ್ಲ ಯೋಚಿಸ್ದೆ ಕಣೋ," ಅಂದಳು. "ಹನ್ನೊಂದು ಜನಕ್ಕೆ ಎಲ್ಲಿ ತಪ್ಪು ಹೇಳ್ಕೊಟ್ಟೆ ಅಂತ. ಒಂದೊಂದೇ ಕೀಲು ತಿರುಗಿಸಿ ನೋಡ್ಕೊಂಡೆ. ನಿನ್ನ ಭುಜಾನ ನನ್ನ ಭುಜದಲ್ಲಿ ಹುಡುಕ್ದೆ."

ನಾನು ಏನು ಹೇಳಿದೆನೋ ಗೊತ್ತಿಲ್ಲ. ತಪ್ಪಾಯಿತು ಎಂದಿರಬೇಕು. ಗಾಳಿಯ ಬಗ್ಗೆ ಹೇಳಲಿಲ್ಲ ಎಂಬುದಷ್ಟೇ ನೆನಪಿದೆ.

"ಕೈ ಜೋತು ಬಿಡು," ಅಂದಳು. ಬಿಟ್ಟೆ. "ಹೆಬ್ಬೆರಳು ಹೊರಗೆ. ನಿಧಾನ ಮುಂದಕ್ಕೆ ತಾ. ನಿಲ್ಲು, ಅದೇ ಹೊಸ್ತಿಲು. ವಾಪಸ್ ಹೋಗು. ಪಕ್ಕೆಲುಬು ಎತ್ಬೇಡ. ಈಗ ಹಿಂದಕ್ಕೆ. ದಿನಕ್ಕೆ ಮೂರು ಸಲ, ಎಂಟೆಂಟು ಸುತ್ತು. ಎರಡು ವಾರ ಹುಟ್ಟು ಮುಟ್ಬೇಡ. ಚೆರಿ ಬೀಜದ್ದು ಇದೆಯಲ್ಲ ನಿನ್ಹತ್ರ, ಬಿಸಿ ಮಾಡಿ ಇಟ್ಕೋ. ಅದಕ್ಕೆ ಎಡ ಬಲ ಇಲ್ಲ."

ಹೇಳಿದ್ದೆಲ್ಲ ಸರಿಯಾಗಿತ್ತು, ಒಂದನ್ನೂ ಬಚ್ಚಿಡಲಿಲ್ಲ. ನಾನು ಅವಳಿಗೆ ಬೆನ್ನು ಮಾಡಿ ನಿಂತು ಕೈ ತಿರುಗಿಸುತ್ತಿದ್ದೆ. ಭುಜ ಕಿವಿಯ ಹತ್ತಿರ ಏರುತ್ತಿರುವುದು ನನಗೇ ತಿಳಿಯುತ್ತಿತ್ತು. ಇಳಿಸಲಿಲ್ಲ. ಈಗ ಬರುತ್ತಾಳೆ, ಈಗ ಬೆರಳಿಡುತ್ತಾಳೆ ಎಂದು ಐದು, ಆರು, ಏಳು ಸುತ್ತು ಕಾದೆ.

"ಭುಜ ಇಳಿಸು," ಎಂದಳು ದೂರದಿಂದಲೇ.

ತಿರುಗಿ ನೋಡಿದೆ. ಅವಳ ಎರಡು ಕೈಗಳೂ ಸೈಕಲ್ಲಿನ ಹಿಡಿಯ ಮೇಲಿದ್ದವು. ಸೈಕಲ್ಲನ್ನು ಅವಳು ಈ ಸಲ ಕಟಕಟೆಗೆ ಒರಗಿಸಿಯೇ ಇರಲಿಲ್ಲ.

ದಡ ಬಂತು. ನಾನು ಎಡಗೈಯಲ್ಲಿ ಸನ್ನೆ ಎಳೆದು ಹಲಗೆ ಇಳಿಸಿದೆ.